ವಯೋಲಾ ಕಲಿಯಲು ಜರ್ಮನಿಗೆ ಹೊರಟ ಪೆರ್ಲದ ತಮ್ಮನಿಗೆ

ಸ್ಟುಟ್‌ಗಾರ್ಟಿನ ಸಂಗೀತ ವಿದ್ಯಾಲಯದಲ್ಲಿ ನಿನಗೆ ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ ಕಲಿಯಲು ಸೀಟು ಸಿಕ್ಕಿದ್ದನ್ನು ಓದಿ ಬಹಳ ಸಂತೋಷವಾಯಿತು. ಖರ್ಚೆಷ್ಟು, ಊಟಕ್ಕೇನು, ಊರಿನಲ್ಲಿ ಕಲಿತ ಕರ್ನಾಟಕ ಪಿಟೀಲು ಉಪಯೋಗಕ್ಕೆ ಬರುತ್ತದೆಯೇ, ಮುಂದೆ ಆರ್ಕೆಸ್ಟ್ರಾದಲ್ಲಿ ಕೆಲಸ ಸಿಗುತ್ತದೆಯೇ ಎಂದು ಕೇಳಿದ್ದೀಯ. 2003ರಲ್ಲಿ ನಾನು ನಮ್ಮ ಕಾಸರಗೋಡಿನ ನೀರ್ಚಾಲಿನಿಂದ ಹೊರಟಾಗ ಇದನ್ನೆಲ್ಲ ಕೇಳಲು ಯಾರೂ ಇರಲಿಲ್ಲ. ನಮ್ಮೂರಿನವನೆಂಬ ಸಲಿಗೆಯಿಂದ ಏಕವಚನದಲ್ಲೇ ಬರೆಯುತ್ತಿದ್ದೇನೆ.

2025ರ ಲೆಕ್ಕದಲ್ಲಿ ವೀಸಾಕ್ಕಾಗಿ ಒಂದು ವರ್ಷಕ್ಕೆ 11,904 ಯೂರೋ ಖಾತೆಯಲ್ಲಿ ತೋರಿಸಬೇಕು. ಸ್ಟುಟ್‌ಗಾರ್ಟ್ ಇರುವ ರಾಜ್ಯದಲ್ಲಿ ಯುರೋಪಿನ ಒಕ್ಕೂಟದ ಹೊರಗಿನಿಂದ ಬರುವ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕವೂ ಇದೆ. ಊಟದ ಚಿಂತೆ ಬೇಡ, ಮಿಡಿ ಉಪ್ಪಿನಕಾಯಿಯೊಂದನ್ನು ಅಮ್ಮನ ಕೈಯಿಂದ ಕಟ್ಟಿಸಿಕೊಂಡು ಬಾ. ಶ್ರುತಿಜ್ಞಾನದ ಮಟ್ಟಿಗೆ ಕರ್ನಾಟಕ ಸಂಗೀತ ಕಲಿತ ಕಿವಿ ದೊಡ್ಡ ಆಸ್ತಿ. ಬಾಲಮುರಳಿಕೃಷ್ಣ ಅವರೂ ವಯೋಲಾ ನುಡಿಸುತ್ತಿದ್ದರೆಂದು ಇಲ್ಲಿನವರಿಗೆ ನಾನು ಹೆಮ್ಮೆಯಿಂದ ಹೇಳುವುದುಂಟು.

ನಾನು ಹೇಳಬೇಕಾದದ್ದು ವಾದ್ಯದ ಅಳತೆಯ ವಿಷಯ. ದೊಡ್ಡವರ ಪಿಟೀಲಿನ ಒಡಲು ಸುಮಾರು 35.5 ಸೆಂಟಿಮೀಟರ್ ಎಂದು ನಿಂತುಹೋಗಿದೆ, ವಯೋಲಾಕ್ಕೆ ಅಂಥ ನಿಗದಿಯಿಲ್ಲ. ಪಿಟೀಲಿಗಿಂತ ಒಂದು ಪಂಚಮ ಕೆಳಗಿರುವ ಅದರ ಸ್ವರಕ್ಕೆ ಸರಿಹೊಂದಬೇಕಾದರೆ ಒಡಲು ಒಂದೂವರೆ ಪಟ್ಟು, ಅಂದರೆ 53 ಸೆಂಟಿಮೀಟರಿನಷ್ಟು ಉದ್ದವಿರಬೇಕು. ಅದನ್ನು ಭುಜದ ಮೇಲಿಡಲು ಸಾಧ್ಯವಿಲ್ಲದ್ದರಿಂದ 38ರಿಂದ 43ರೊಳಗೆ ಅವರವರ ತೋಳಿಗೆ ತಕ್ಕಂತೆ ಆರಿಸಿಕೊಳ್ಳುತ್ತಾರೆ. ನನ್ನ ಗುರುಗಳು ಪ್ರೀತಿಯಿಂದ 42.5ರ ವಾದ್ಯವೊಂದನ್ನು ಬಳಸಲು ಕೊಟ್ಟರು. ಅದರ ಅತಿ ಕೆಳಸ್ವರದ ಸಿ ತಂತಿಯನ್ನು ಮೀಟಿದರೆ ಎದೆಗೂಡೇ ಮೊಳಗುತ್ತಿತ್ತು. ಆದರೆ ನನ್ನ ತೋಳು ಗಿಡ್ಡ. ಎರಡನೆಯ ವಾರದಲ್ಲೇ ಭುಜ ನೋಯತೊಡಗಿತು, ನಾನು ಬಾಯಿಬಿಡಲಿಲ್ಲ. ಯಾಕೆಂದು ನಮ್ಮಲ್ಲಿ ಪಾಠ ಕಲಿತ ನಿನಗೆ ವಿವರಿಸಬೇಕಾಗಿಲ್ಲ. ಐದನೆಯ ತಿಂಗಳಿಗೆ ಎಡಗೈಯ ಕಿರುಬೆರಳು ಮರಗಟ್ಟಿ, ಬೆಳಿಗ್ಗೆ ಅಂಗಿಯ ಗುಂಡಿ ಹಾಕಲೂ ಆಗದಾಯಿತು. ಆಗ ಹೇಳಿದೆ. ಗುರುಗಳು ಕುರ್ಚಿಯಿಂದ ಎದ್ದು, "ಮೊದಲೇ ಹೇಳಿದ್ದರೆ ಬೇರೆ ವಾದ್ಯ ಕೊಡುತ್ತಿದ್ದೆನಲ್ಲ" ಎಂದರು.

ವೈದ್ಯರು ಎಂಟು ತಿಂಗಳು ವಾದ್ಯ ಮುಟ್ಟಬಾರದೆಂದರು. ಆ ನಡುವೆ ಊರಿಗೆ ಬಂದಾಗ ಅಪ್ಪ ಜಗಲಿಯಲ್ಲಿ ಅಡಕೆ ಸುಲಿಯುತ್ತಾ, "ಒಂದು ಕೀರ್ತನೆ ನುಡಿಸು" ಎಂದರು. ಕೈ ಸರಿಯಿಲ್ಲವೆಂದು ಅವರಿಗೂ ಹೇಳಲಾರದೆ, ತಂತಿ ತುಂಡಾಗಿದೆ ಎಂದುಬಿಟ್ಟೆ. ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ಇಂದಿಗೂ ತಂತಿ ಬದಲಿಸುವಾಗಲೆಲ್ಲ ಆ ಮಾತು ನೆನಪಾಗುತ್ತದೆ.

ಕೆಲಸ ಸಿಗುತ್ತದೆ, ಆದರೆ ತಡವಾಗಿ. ಆಡಿಷನ್ನಿನ ಮೊದಲ ಸುತ್ತಿನಲ್ಲಿ ಸಾಮಾನ್ಯವಾಗಿ ಪರದೆಯ ಹಿಂದೆ ನಿಂತು ಸ್ಟಾಮಿಟ್ಸ್ ಅಥವಾ ಹೋಫ್‌ಮೈಸ್ಟರ್ ಎಂಬ ಹಳೆಯ ರಚನಕಾರರ ಡಿ ಮೇಜರ್ ಕನ್ಚರ್ಟೊ, ಅಂದರೆ ಆರ್ಕೆಸ್ಟ್ರಾದೊಂದಿಗೆ ಒಂಟಿ ವಯೋಲಾ ಮುಂದೆ ನಿಲ್ಲುವ ಕೃತಿ, ನುಡಿಸಬೇಕಾಗುತ್ತದೆ. ಎರಡನ್ನೂ ಈಗಿನಿಂದಲೇ ಕೈಯಲ್ಲಿ ಕೂರಿಸಿಕೋ. ಗೆದ್ದ ಮೇಲೂ ಪರೀಕ್ಷಾವಧಿಯಿದೆ, ಅದರ ಕೊನೆಯಲ್ಲಿ ಜೊತೆಯ ವಾದಕರೇ ಮತ ಹಾಕಿ ನಿರ್ಧರಿಸುತ್ತಾರೆ. ನನಗೆ ಕೆಲಸ ಒಲಿದದ್ದು ಹನ್ನೊಂದನೆಯ ಆಡಿಷನ್ನಿನಲ್ಲಿ, 40.5ರ ವಾದ್ಯದೊಂದಿಗೆ.

ಹೊರಡುವ ಮೊದಲು ಎಡಗೈಯನ್ನು ನೇರವಾಗಿ ಚಾಚಿ, ಕತ್ತಿನ ಬುಡದಿಂದ ಅಂಗೈಯ ನಡುವಿನವರೆಗೆ ಯಾರಿಂದಲಾದರೂ ಅಳತೆ ತೆಗೆಸಿ ನನಗೆ ಬರೆ. ಈಗ ನುಡಿಸುವ ವಾದ್ಯದ ಉದ್ದವನ್ನೂ, ಎಲ್ಲಾದರೂ ನೋವಿದ್ದರೆ ಅದನ್ನೂ ಬರೆ.