ಮಿನಾಕ್ಸಿಡಿಲ್, ಫಿನಾಸ್ಟರೈಡ್, ಪಿಆರ್‌ಪಿ: ಯಾವುದು ಬೆಸ್ಟ್? ಮೂರೂ ಒಟ್ಟಿಗೆ ಮಾಡಬಹುದಾ?

ಇಪ್ಪತ್ತಾರಕ್ಕೇ ನೆತ್ತಿ ಕಾಣಿಸುತ್ತಿದೆ, ತಲೆಗೆ ಹಚ್ಚುವ ಮಿನಾಕ್ಸಿಡಿಲ್, ನುಂಗುವ ಫಿನಾಸ್ಟರೈಡ್, ನಮ್ಮದೇ ರಕ್ತದಿಂದ ಪ್ಲೇಟ್‌ಲೆಟ್ ಅಂಶ ತೆಗೆದು ನೆತ್ತಿಗೆ ಚುಚ್ಚುವ ಪಿಆರ್‌ಪಿ, ಎಲ್ಲವನ್ನೂ ಒಂದೇ ಸಲ ಶುರು ಮಾಡಲಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೇ. ಅದನ್ನೇ ಮಾಡಿ ಕೈ ಸುಟ್ಟುಕೊಂಡವನು ನಾನು.

ಅಪ್ಪ, ಸೋದರಮಾವ ಇಬ್ಬರದ್ದೂ ಬೋಳು ತಲೆ. ನನ್ನ ಹಣೆಯೂ ಅಗಲವಾಗತೊಡಗಿದಾಗ ಗಾಬರಿ ಬಿದ್ದೆ. ಡಾಕ್ಟರ್ ಹತ್ತಿರ ಹೋಗಲು ನಾಚಿಕೆ. 5% ಮಿನಾಕ್ಸಿಡಿಲ್, 1 ಮಿ.ಗ್ರಾಂ ಫಿನಾಸ್ಟರೈಡ್, ತಲೆಹೊಟ್ಟಿನ ಕೀಟೋಕೊನಜೋಲ್ ಶಾಂಪೂ, ಬಯೋಟಿನ್ ವಿಟಮಿನ್, ನೆತ್ತಿಯ ಮೇಲೆ ಉರುಳಿಸುವ ಸಣ್ಣ ಸೂಜಿಗಳ ಡರ್ಮಾರೋಲರ್, ಎಲ್ಲ ಒಂದೇ ವಾರದಲ್ಲಿ ಶುರು. ಮೇಲೆ ಅಮ್ಮನ ಈರುಳ್ಳಿ ರಸ ಬೇರೆ. ಸ್ವಲ್ಪ ದಿನಕ್ಕೇ ತಲೆಯೆಲ್ಲ ತುರಿಕೆ, ದಿಂಬಿನ ತುಂಬ ಕೂದಲು. ಯಾವುದರಿಂದ ಏನಾಯಿತು ಅಂತ ಹೇಗೆ ಗೊತ್ತಾಗಬೇಕು? ಸಿಟ್ಟಿನಲ್ಲಿ ಎಲ್ಲವನ್ನೂ ಬಿಟ್ಟೆ.

ಆಮೇಲೆ ಚರ್ಮದ ಡಾಕ್ಟರ್ ಬಿಡಿಸಿ ಹೇಳಿದರು. ತುರಿಕೆ ಬಹುಶಃ ಮಿನಾಕ್ಸಿಡಿಲ್ ನೀರಿನಲ್ಲಿರುವ ಪ್ರೊಪೈಲೀನ್ ಗ್ಲೈಕಾಲ್ ಅನ್ನೋ ದ್ರಾವಕದಿಂದ. ಅದಿಲ್ಲದ ಫೋಮ್ ಸಿಗುತ್ತದೆ. ಸೂಜಿ ಆಡಿಸಿದ ತಲೆಗೆ ಅದೇ ನೀರು ಹಚ್ಚಿದರೆ ಉರಿಯದೆ ಇರುತ್ತದಾ? ಇನ್ನು ಉದುರಿದ್ದು, ಮಿನಾಕ್ಸಿಡಿಲ್ ಹಚ್ಚಿದ ಮೊದಲ ವಾರಗಳಲ್ಲಿ ಆಗುವಂಥದ್ದೇ. ಬೆಳವಣಿಗೆ ನಿಂತಿದ್ದ ಹಳೆ ಕೂದಲು ಬಿದ್ದು ಹೊಸದಕ್ಕೆ ಜಾಗ ಬಿಡುತ್ತದೆ. ತಾಳ್ಮೆಯಿಂದ ಇದ್ದಿದ್ದರೆ ತಾನೇ ನಿಲ್ಲುತ್ತಿತ್ತು. ಫಿನಾಸ್ಟರೈಡ್ ಪಾಪ, ಇದ್ಯಾವುದಕ್ಕೂ ಸಂಬಂಧವೇ ಇರಲಿಲ್ಲ. ಅದನ್ನೂ ಕಸದ ಬುಟ್ಟಿಗೆ ಹಾಕಿದ್ದೆ. ನನಗೆ ಪೆಟ್ಟು ಬಿದ್ದಿದ್ದು ಅಲ್ಲೇ. ಮತ್ತೆ ಶುರು ಮಾಡುವಷ್ಟರಲ್ಲಿ ನೆತ್ತಿ ಬಯಲಾಗಿತ್ತು. ತೆಳುವಾದ ಕೂದಲನ್ನು ಔಷಧಿ ದಪ್ಪ ಮಾಡಬಹುದು, ಪೂರ್ತಿ ನುಣ್ಣಗಾದ ಜಾಗದಲ್ಲಿ ಹೆಚ್ಚೇನೂ ಮಾಡಲ್ಲ.

‘ಯಾವುದು ಬೆಸ್ಟ್’ ಅನ್ನೋ ಪ್ರಶ್ನೆಯೇ ಸರಿಯಿಲ್ಲ. ಫಿನಾಸ್ಟರೈಡ್ ಕೂದಲ ಬುಡವನ್ನು ಸೊರಗಿಸುವ ಡಿಎಚ್‌ಟಿ ಹಾರ್ಮೋನನ್ನು ಇಳಿಸುತ್ತದೆ. ಮಿನಾಕ್ಸಿಡಿಲ್‌ಗೆ ಆ ಹಾರ್ಮೋನಿನ ಗೊಡವೆಯೇ ಇಲ್ಲ. ಅದು ಮೊದಲು ಬಿಪಿ ಮಾತ್ರೆ, ನುಂಗಿದವರಿಗೆ ಮೈಮೇಲೆಲ್ಲ ಕೂದಲು ಬಂದಿದ್ದಕ್ಕೆ ಈ ಕೆಲಸಕ್ಕೆ ಬಂತು. ಕೆಲಸ ಬೇರೆ ಬೇರೆಯಾದ್ದರಿಂದಲೇ ಎರಡೂ ಸೇರಿದರೆ ಗುಣ ಜಾಸ್ತಿ. ಆದರೆ ಒಂದು ಹೊಂದಿಕೊಂಡ ಮೇಲೆ ಇನ್ನೊಂದು. ಫಲ ಕಾಣಲು ಆರು ತಿಂಗಳು, ವರ್ಷ ಬೇಕು. ಬಿಟ್ಟರೆ ಬಂದಿದ್ದೂ ಹೋಗುತ್ತದೆ. ಪಿಆರ್‌ಪಿ ದುಬಾರಿ, ಫಲವೂ ಒಬ್ಬೊಬ್ಬರಿಗೆ ಒಂದೊಂದು ಥರ. ನಾನಾದರೆ ಅದನ್ನು ಕೊನೆಗೆ ಇಡುತ್ತೇನೆ. ಬಯೋಟಿನ್, ಕೊರತೆ ಇಲ್ಲದವರಿಗೆ ಸುಮ್ನೆ ದುಡ್ಡು ದಂಡ. ಕೂದಲು ಕಸಿ ಮಾಡಿಸಿದರೂ ಅಕ್ಕಪಕ್ಕದ ಹಳೆ ಕೂದಲು ಉಳಿಯಬೇಕಾದರೆ ಔಷಧಿ ಬಿಡುವಂತಿಲ್ಲ.

ಫಿನಾಸ್ಟರೈಡ್ ಮಾತ್ರ ಡಾಕ್ಟರ್ ಬರೆದುಕೊಟ್ಟ ಮೇಲೇ ತಗೊಳ್ಳಿ. ಕೆಲವರಿಗೆ ಲೈಂಗಿಕ ಆಸಕ್ತಿ ಕುಗ್ಗುತ್ತದೆ, ಮನಸ್ಸು ಮಂಕಾಗುತ್ತದೆ. ಹಾಗೆ ಅನಿಸಿದರೆ ಮುಚ್ಚಿಡಬೇಡಿ, ಹೋಗಿ ಹೇಳಿ. ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಒಡೆದ ಮಾತ್ರೆ ಅವರ ಕೈಗೆ ತಾಗಬಾರದು, ಹೊಟ್ಟೆಯಲ್ಲಿರುವ ಗಂಡುಮಗುವಿಗೆ ತೊಂದರೆ. ರಕ್ತದಾನ ಮಾಡುವ ಅಭ್ಯಾಸ ಇದೆಯಾ? ಮಾತ್ರೆ ತಗೊಳ್ತಿದ್ದೀನಿ ಅಂತ ಅಲ್ಲೂ ಮೊದಲೇ ಹೇಳಿಬಿಡಿ, ಆ ರಕ್ತ ಬಸುರಿಗೂ ಹೋಗಬಹುದು ಅಲ್ವಾ.