ಬೆದೋಲಖ್: ರತ್ನವೋ, ರಾಳವೋ?

ಪ್ರಶ್ನೆ: ಬೈಬಲ್ಲಿನ ಆದಿಕಾಂಡದಲ್ಲಿ ಬರುವ ‘ಬೆದೋಲಖ್’ ಎಂಬ ಹೀಬ್ರೂ ಪದವನ್ನು ಕೆಲವರು ಸುಗಂಧದ ರಾಳವೆಂದೂ ಕೆಲವರು ಮುತ್ತೆಂದೂ ಅನುವಾದಿಸಿದ್ದಾರೆ. ಇಂದಿನ ಹೀಬ್ರೂವಿನಲ್ಲಿ ಅದಕ್ಕೆ ಸ್ಫಟಿಕವೆಂಬ ಅರ್ಥವಿದೆ. ಸರಿಯಾದ ಅರ್ಥ ಯಾವುದು?

ಉತ್ತರ: ಮೂಲಾರ್ಥ ರಾಳವೆಂಬುದೇ ಹೆಚ್ಚು ಸಮಂಜಸವಾಗಿ ತೋರುತ್ತದೆ. ಹೀಬ್ರೂ ಬೈಬಲ್ಲಿನಲ್ಲಿ ಈ ಪದ ಎರಡೇ ಕಡೆ ಬರುತ್ತದೆ. ಗೊಂದಲಕ್ಕೆ ಅದೇ ಕಾರಣ. ಆದಿಕಾಂಡ 2:12ರಲ್ಲಿ ಅದು ಹವೀಲ ದೇಶದ ಚಿನ್ನಕ್ಕೂ ‘ಶೋಹಮ್’ ಎಂಬ ರತ್ನಕ್ಕೂ ನಡುವೆ ನಿಂತಿದೆ. ಅರಣ್ಯಕಾಂಡ 11:7ರಲ್ಲಿ, ಮರುಭೂಮಿಯಲ್ಲಿ ಇಸ್ರಾಯೇಲರಿಗೆ ದೇವರು ಕೊಟ್ಟ ಆಹಾರವಾದ ಮನ್ನವು ಕೊತ್ತಂಬರಿ ಬೀಜದಂತಿದ್ದು, ನೋಡಲು ಬೆದೋಲಖ್‌ನಂತೆ ಇತ್ತು ಎಂದಿದೆ. ಪರಿಮಳದ ಸುದ್ದಿ ಎರಡೂ ಕಡೆ ಇಲ್ಲದ್ದರಿಂದ, ಚಿನ್ನದ ಪಕ್ಕದಲ್ಲಿರುವುದು ರತ್ನವೇ ಇರಬೇಕೆಂದು ಹಲವರು ಊಹಿಸಿದರು. ಪ್ರಾಚೀನ ಗ್ರೀಕ್ ಅನುವಾದವಾದ ಸೆಪ್ಟುವಜಿಂಟ್ ಒಂದು ಕಡೆ ಕೆಂಪು ರತ್ನವೆಂದೂ ಇನ್ನೊಂದು ಕಡೆ ಸ್ಫಟಿಕವೆಂದೂ ಬರೆದು ತನ್ನೊಳಗೇ ಭಿನ್ನವಾಯಿತು. ಯೆಹೂದಿ ವ್ಯಾಖ್ಯಾನಕಾರರಲ್ಲಿ ಹತ್ತನೆಯ ಶತಮಾನದ ಸಾದ್ಯಾ ಗಾವೋನ್ ಮುತ್ತೆಂದರೆ, ಹನ್ನೊಂದನೆಯ ಶತಮಾನದ ರಾಶಿ ಎಂಬವರು ಸ್ಫಟಿಕವೆಂದರು.

ಆದರೆ ಆದಿಕಾಂಡದ ವಾಕ್ಯವನ್ನೇ ಗಮನವಿಟ್ಟು ಓದಿದರೆ, ಶೋಹಮ್‌ನ ಹಿಂದೆ ಕಲ್ಲೆಂಬ ಅರ್ಥದ ‘ಎವೆನ್’ ಇದೆ, ಬೆದೋಲಖ್‌ನ ಹಿಂದೆ ಅದಿಲ್ಲ. ಬರೆದವನಿಗೆ ಅದು ಕಲ್ಲಾಗಿರಲಿಲ್ಲವೆಂಬುದಕ್ಕೆ ಇದು ಸಣ್ಣದಾದರೂ ಒಳ್ಳೆಯ ಸೂಚನೆ. ಅದಕ್ಕಿಂತ ಬಲವಾದ ಆಧಾರವೆಂದರೆ, ಹೀಬ್ರೂವಿನ ಸೋದರ ಭಾಷೆಯಾದ ಅಕ್ಕಾಡಿಯನ್ನಿನ ‘ಬುದುಲ್ಹು’ ಹಾಗೂ ಗ್ರೀಕಿನ ‘ಬ್ಡೆಲ್ಲಿಯೋನ್’, ಎರಡೂ ಸುವಾಸನೆಯ ರಾಳದ ಹೆಸರುಗಳು. ಲ್ಯಾಟಿನ್ ಬೈಬಲ್ ಎರಡು ಕಡೆಯೂ ಈ ಗ್ರೀಕ್ ಹೆಸರಿನ ರೂಪವನ್ನೇ ಉಳಿಸಿಕೊಂಡಿತು. ಮಧ್ಯ ಏಷ್ಯಾದ ಬ್ಯಾಕ್ಟ್ರಿಯಾ ಪ್ರದೇಶದ ಬ್ಡೆಲ್ಲಿಯಂ ಅತ್ಯುತ್ತಮವೆಂದ ಪ್ರಾಚೀನ ರೋಮಿನ ಲೇಖಕ ಪ್ಲಿನಿ, ಅದು ಬೆಳಕು ಹಾಯುವಂಥದ್ದು, ಮೇಣದಂತಿರುವುದು, ಪರಿಮಳವುಳ್ಳದ್ದು, ಆದರೆ ರುಚಿಗೆ ಕಹಿಯಾದದ್ದು ಎಂದು ವರ್ಣಿಸಿದ್ದಾನೆ. ಇಂದು ಈ ಹೆಸರಿನಿಂದ ಗುರುತಿಸುವ ರಾಳಗಳು ಕಾಮಿಫೋರಾ ಕುಲದ ಮರಗಳಿಂದ ಬರುತ್ತವೆ. ನಮಗೆ ಪರಿಚಿತವಾದ ಗುಗ್ಗುಳವೂ ಅದೇ ಕುಲದ್ದು. ತೊಗಟೆಯಿಂದ ಒಸರಿ ಗಟ್ಟಿಯಾದ ಅಂಥ ರಾಳದ ಹನಿಗಳನ್ನು ನೆನೆದರೆ ಮನ್ನದ ಹೋಲಿಕೆಯೂ ಸುಲಭವಾಗಿ ಹೊಂದುತ್ತದೆ. ಯಾವ ಮರದ ರಾಳವೆಂದು ಮಾತ್ರ ಈ ಎರಡು ವಾಕ್ಯಗಳಿಂದ ನಿರ್ಧರಿಸಲಾಗದು.

ಇಂದಿನ ಹೀಬ್ರೂವಿನ ಸ್ಫಟಿಕವೆಂಬ ಅರ್ಥ ತಪ್ಪಲ್ಲ, ಅದು ರಾಶಿಯಂಥವರ ವ್ಯಾಖ್ಯಾನಕ್ಕೆ ಹೊಂದುವ ಬಳಕೆ. ಅದನ್ನು ಆದಿಕಾಂಡದ ಕಾಲಕ್ಕೆ ಒಯ್ಯುವುದಷ್ಟೇ ಸರಿಯಲ್ಲ.