ಬೆಲ್ಟ್ ಬಿಚ್ಚಬೇಡಿ ಅಂದ್ರೆ ಬಿಚ್ಚಬೇಡಿ: ಶೆಲ್ಟರ್ ನಾಯಿಗಳ ವಾಕಿಂಗ್ ಬಗ್ಗೆ ನಿಮ್ಮ ಪ್ರಶ್ನೆಗಳು

ಮಳೆ ಬಿಟ್ಟು ಚಿಕ್ಕಮಗಳೂರಲ್ಲಿ ನಾಲ್ಕು ದಿನ ಬಿಸಿಲು ಬಿತ್ತು ಅಂದ್ರೆ ನಂಗೆ ಮೆಸೇಜ್ ಬರೋಕೆ ಶುರು, ಭಾನುವಾರ ಶೆಲ್ಟರ್‌ಗೆ ಬಂದು ನಾಯಿಗಳನ್ನ ವಾಕಿಂಗ್ ಕರ್ಕೊಂಡ್ ಹೋಗ್ತೀವಿ ಮೇಡಂ ಅಂತ. ಬನ್ನಿ, ನಿಜವಾಗ್ಲೂ ಬನ್ನಿ. ದಿನಪೂರ್ತಿ ಸಿಮೆಂಟ್ ನೆಲದ ಮೇಲೆ ಇರೋ ನಾಯಿಗೆ ಇಪ್ಪತ್ತು ನಿಮಿಷ ಹೊರಗಿನ ಮಣ್ಣು ಮೂಸೋಕೆ ಸಿಕ್ಕಿದ್ರೆ ಅವತ್ತು ರಾತ್ರಿ ಅದು ಮಲಗೋ ರೀತಿನೇ ಬೇರೆ, ಪಶುವೈದ್ಯೆಯಾಗಿ ಇಷ್ಟು ವರ್ಷ ನೋಡಿದೀನಿ. ಆದ್ರೆ ಪ್ರತಿ ವರ್ಷ ಅವೇ ಪ್ರಶ್ನೆ, ಅವೇ ತಪ್ಪು, ಅದಕ್ಕೆ ಈ ಸಲ ಒಂದೇ ಕಡೆ ಬರೀತಿದೀನಿ. ನೀರು ಕೊಡಿ, ಹೊಡೀಬೇಡಿ, ಚಪ್ಪಲಿ ಬಿಟ್ಟು ಶೂ ಹಾಕ್ಕೊಂಡ್ ಬನ್ನಿ ಅನ್ನೋದನ್ನೆಲ್ಲ ಇಲ್ಲಿ ಹೇಳಲ್ಲ, ಅಷ್ಟು ನಿಮಗೆ ಗೊತ್ತಿರಬೇಕು.

"ಪಾಪ, ವಾರವೆಲ್ಲ ಕೇಜಲ್ಲೇ ಇರುತ್ತೆ. ನಮ್ಮ ತೋಟ ಹತ್ರದಲ್ಲೇ ಇದೆ, ಅಲ್ಲಿ ಅರ್ಧ ಗಂಟೆ ಬೆಲ್ಟ್ ಬಿಚ್ಚಿ ಓಡಾಡೋಕೆ ಬಿಡಬಹುದಾ? ನಂಗೆ ಚೆನ್ನಾಗಿ ಹೊಂದ್ಕೊಂಡಿದೆ, ಕರೆದ್ರೆ ಓಡಿ ಬರುತ್ತೆ."

ಬಿಡಬಾರ್ದು. ಐದು ನಿಮಿಷಕ್ಕೂ ಬಿಡಬಾರ್ದು.

ಕರೆದ್ರೆ ಬರುತ್ತೆ ಅಂತೀರಲ್ಲ, ಎಲ್ಲಿ ಕರೆದಾಗ ಬಂತು? ಶೆಲ್ಟರ್ ಅಂಗಳದಲ್ಲಿ, ನಾಲ್ಕು ಕಡೆ ಗೋಡೆ ಇದ್ದಾಗ, ನಿಮ್ಮ ಕೈಯಲ್ಲಿ ಬಿಸ್ಕೆಟ್ ಇದ್ದಾಗ. ಅದೇ ನಾಯಿ ತೋಟದೊಳಗೆ ಒಂದು ಮೊಲ ಎದ್ದು ಓಡಿದ್ದು ನೋಡ್ಲಿ, ನಿಮ್ಮ ದನಿ ಅದರ ಕಿವಿಗೇ ಬೀಳಲ್ಲ. ನಾಲ್ಕು ಭಾನುವಾರ ನೋಡಿದ ನಾಯಿಗೂ ನಿಮಗೂ ಅಂಥ ನಂಬಿಕೆ ಇನ್ನೂ ಹುಟ್ಟಿರಲ್ಲ. ಮನೆಯಲ್ಲಿ ಮರಿಯಿಂದ ಸಾಕಿದ ನಾಯಿಯೇ ಎಷ್ಟೋ ಸಲ ಬರಲ್ಲ.

ಇನ್ನು ನಮ್ಮ ಜಿಲ್ಲೆಯ ತೋಟ ಅಂದ್ರೆ ಬೆಂಗಳೂರಿನ ಪಾರ್ಕ್ ಅಲ್ಲ ಕಣ್ರೀ. ಹಂದಿಗೆ ಅಂತ ಉರುಳು ಹಾಕಿರ್ತಾರೆ, ಕೆಲವು ಕಡೆ ಸಿಡಿಮದ್ದಿನ ಉಂಡೆ ಇಟ್ಟಿರ್ತಾರೆ, ಅದನ್ನ ಕಚ್ಚಿದ ನಾಯಿಯ ದವಡೆ ಉಳಿಯಲ್ಲ. ಎರಡೂ ಕಾನೂನಿಗೆ ವಿರುದ್ಧ, ಆದ್ರೂ ಇಡೋರು ಇಡ್ತಾನೇ ಇದಾರೆ. ಗಿಡಗಳ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋ ಟೈಮಲ್ಲಿ ಮೈಲುತುತ್ತ ಕಲಸಿದ ಡ್ರಮ್ಮು ತೆರೆದೇ ಇರುತ್ತೆ, ಬಾಯಾರಿದ ನಾಯಿ ಅದಕ್ಕೇ ಬಾಯಿ ಹಾಕುತ್ತೆ. ಕತ್ತಲಾಗ್ತಿದ್ದಂಗೆ ಚಿರತೆ, ಅದಕ್ಕೆ ನಾಯಿ ಅಂದ್ರೆ ಸುಲಭದ ಊಟ. ಆಲ್ದೂರು, ಮೂಡಿಗೆರೆ ಕಡೆ ಆದ್ರೆ ಆನೆ. ಬಿಟ್ಟ ನಾಯಿ ಆನೆ ಕಂಡ್ರೆ ಬೊಗಳಿ ಕೆಣಕಿ, ಆಮೇಲೆ ಹೆದರಿ ಎಲ್ಲಿಗೆ ಓಡಿ ಬರುತ್ತೆ ಹೇಳಿ? ನಿಮ್ಮ ಹತ್ರಕ್ಕೇ. ಆನೆ ಅದರ ಹಿಂದೆ.

ನಮ್ಮಲ್ಲಿ ಕೆಂಚ ಅಂತ ಒಂದು ಗಂಡು ನಾಯಿ ಇದೆ. ಅದನ್ನ ಒಬ್ಬ ಕಾಲೇಜು ಹುಡುಗ ಪ್ರೀತಿಯಿಂದಲೇ ಕರ್ಕೊಂಡ್ ಹೋಗ್ತಿದ್ದ, ಒಂದು ಭಾನುವಾರ ತೋಟದ ಅಂಚಲ್ಲಿ ಹುಕ್ಕು ಬಿಚ್ಚಿದಾನೆ, ನಾಯಿ ಒಂದೇ ಓಟಕ್ಕೆ ಕಾಫಿ ಗಿಡದೊಳಗೆ ನುಗ್ಗಿ ಕಾಣೆಯಾಯ್ತು. ಸಿಕ್ಕಿದ್ದು ಮಂಗಳವಾರ ಬೆಳಗ್ಗೆ, ಕಾಫಿ ಕೀಳೋಕೆ ಬಂದ ಹೆಂಗಸರು ನರಳೋ ಸದ್ದು ಕೇಳಿ ಹೇಳಿ ಕಳಿಸಿದ್ರು. ಬೈಕಿನ ಕ್ಲಚ್ ವೈರ್‌ನಲ್ಲಿ ಮಾಡಿದ ಉರುಳು ಸೊಂಟಕ್ಕೆ ಕಚ್ಕೊಂಡಿತ್ತು. ಸುತ್ತಲಿನ ಮಣ್ಣನ್ನ ಉಗುರಲ್ಲಿ ಬಗೆದು ಬಗೆದು ಗುಂಡಿ ಮಾಡಿತ್ತು, ಪಕ್ಕದ ಗಿಡದ ಬುಡ ಕಡಿದು ಮುಂದಿನ ಹಲ್ಲು ಎರಡು ಮುರ್ಕೊಂಡಿತ್ತು. ಮುಖದ ಮೇಲೆ ಕಂಬಳಿ ಹಾಕಿ ಹಿಡ್ಕೊಂಡು ಕಟಿಂಗ್ ಪ್ಲೇಯರ್‌ನಲ್ಲಿ ವೈರ್ ಕತ್ತರಿಸಿದ್ವಿ. ವೈರ್ ಸಡಿಲ ಆದ ತಕ್ಷಣ ಅದು ಎದ್ದು ಓಡ್ಲಿಲ್ಲ, ಅಲ್ಲೇ ಉಚ್ಚೆ ಮಾಡ್ಕೊಂಡು ನನ್ನ ಮೊಣಕಾಲ ಮೇಲೆ ತಲೆ ಇಟ್ಟು ಮಲಗ್ತು. ಬದುಕ್ತು, ಪುಣ್ಯ. ಆದ್ರೆ ಇವತ್ತಿಗೂ ನೆಲದ ಮೇಲೆ ಹಗ್ಗ ಬಿದ್ದಿದ್ರೆ ಅದನ್ನ ದಾಟಲ್ಲ. ಆ ಹುಡುಗ ಈಗ್ಲೂ ಬರ್ತಾನೆ, ಅವನ ಕೈಯಿಂದ ಆಮೇಲೆ ಒಂದು ನಾಯಿನೂ ತಪ್ಪಿಸ್ಕೊಂಡಿಲ್ಲ.

ಹಾಗಾದ್ರೆ ಏನ್ ಮಾಡ್ಬೇಕು? ಕೇಜಿನ ಬಾಗಿಲು ತೆಗೆಯೋಕೆ ಮುಂಚೆನೇ ಕತ್ತಿನ ಬೆಲ್ಟ್ ನೋಡಿ, ಕತ್ತಿಗೂ ಬೆಲ್ಟಿಗೂ ನಡುವೆ ನಿಮ್ಮ ಎರಡು ಬೆರಳು ಹೋಗ್ಬೇಕು, ಮೂರು ಹೋದ್ರೆ ಅದು ಸಡಿಲ. ಪಾಪ ಬಿಗಿಯಾಗುತ್ತೆ ಅಂತ ಒಂದು ತೂತು ಹಿಂದಕ್ಕೆ ಹಾಕ್ತೀರಲ್ಲ, ಅಲ್ಲೇ ನಾಯಿ ಕಳೆದುಹೋಗೋದು. ಹೆದರಿದ ನಾಯಿ ಮುಂದಕ್ಕೆ ಎಳೆದು ತಪ್ಪಿಸ್ಕೊಳಲ್ಲ, ತಲೆ ತಗ್ಗಿಸಿ ಹಿಂದಕ್ಕೆ ಜಗ್ಗುತ್ತೆ, ಬೆಲ್ಟು ಕಿವಿ ದಾಟಿ ನಿಮ್ಮ ಕೈಗೆ ಬರುತ್ತೆ. ಅದು ಹಿಂದಕ್ಕೆ ಜಗ್ಗೋಕೆ ಶುರು ಮಾಡಿದ್ರೆ ನೀವು ಎಳೀಬೇಡಿ, ನಾಯಿ ಕಡೆಗೇ ಎರಡು ಹೆಜ್ಜೆ ಹೋಗಿ, ಹಗ್ಗ ಸಡಿಲ ಆಗ್ಲಿ. ಪುಕ್ಕಲು ನಾಯಿಗೆ ಎರಡು ಹಗ್ಗ, ಒಂದು ಕತ್ತಿನ ಬೆಲ್ಟಿಗೆ, ಇನ್ನೊಂದು ಎದೆಗೆ ಹಾಕೋ ಹಾರ್ನೆಸ್‌ಗೆ. ಹಗ್ಗದ ಕುಣಿಕೆ ಹೆಬ್ಬೆರಳಿಗೆ ಹಾಕಿ ಮುಷ್ಟಿ ಮುಚ್ಚಿ ಹಿಡೀರಿ, ಕೈಗೆ ಸುತ್ತ್‌ಕೋಬೇಡಿ, ಸುತ್ತ್‌ಕೊಂಡ ಬೆರಳು ಮುರಿದಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ಬಟನ್ ಒತ್ತಿದ್ರೆ ಉದ್ದ ಆಗೋ ಲೀಶ್ ಯಾವ ಕಾರಣಕ್ಕೂ ತರಬೇಡಿ, ಹಿಡಿ ಕೈ ಜಾರಿ ಬಿದ್ರೆ ಅದು ಟಾರ್ ಮೇಲೆ ಸದ್ದು ಮಾಡ್ತಾ ನಾಯಿಯನ್ನೇ ಅಟ್ಟಿಸ್ಕೊಂಡು ಹೋಗುತ್ತೆ. ಓಡಾಡ್ಲಿ ಅನ್ನೋ ಆಸೆ ಇದ್ರೆ ಬೇಲಿ ಇರೋ ಅಂಗಳದಲ್ಲಿ ಐದು ಮೀಟರ್ ಹಗ್ಗ ಹಾಕಿ ಬಿಡಿ.

ಇಷ್ಟೆಲ್ಲ ಮಾಡಿಯೂ ತಪ್ಪಿಸ್ಕೊಂಡ್ರೆ ಹಿಂದೆ ಓಡಬೇಡಿ, ಹೆಸರು ಹಿಡಿದು ಕಿರುಚಬೇಡಿ. ಓಡೋ ನಾಯಿಗೆ ನೀವು ಅಟ್ಟಿಸ್ಕೊಂಡು ಬರೋ ಇನ್ನೊಂದು ಪ್ರಾಣಿ ಅಷ್ಟೇ. ಕೂತ್ಕೊಳ್ಳಿ, ಅದಕ್ಕೆ ಬೆನ್ನು ಇಲ್ಲಾ ಪಕ್ಕೆ ತೋರಿಸಿ ಕೂತ್ಕೊಳ್ಳಿ, ಬಿಸ್ಕೆಟ್ ಕವರ್ ಸದ್ದು ಮಾಡಿ, ನೆಲದಲ್ಲಿ ಏನೋ ಸಿಕ್ಕಿದಂಗೆ ಕೆದಕ್ತಾ ಇರಿ. ಅರ್ಧಕ್ಕಿಂತ ಹೆಚ್ಚು ಸಲ ಮೂಸೋಕೆ ಬಂದೇ ಬರುತ್ತೆ. ಮೊದಲು ನಮಗೆ ಫೋನ್ ಮಾಡಿ, ಬೈತಾರೆ ಅಂತ ಒಂದು ಗಂಟೆ ತಡ ಮಾಡ್ಬೇಡಿ. ಆ ಒಂದು ಗಂಟೆಯಲ್ಲಿ ನಾಯಿ ಕಡೂರು ರಸ್ತೆ ಸೇರಿರುತ್ತೆ.

"ತುಂಬಾ ಎಳೆಯುತ್ತೆ ಮೇಡಂ. ನೀನೇ ಲೀಡರ್ ಅಂತ ತೋರಿಸ್ಬೇಕು, ಚೋಕ್ ಚೈನ್ ಹಾಕಿ ಒಂದ್ ಸಲ ಜಗ್ಗು ಅಂತ ಟ್ರೈನರ್ ಹೇಳಿದ್ರು."

ಆ ಟ್ರೈನರ್‌ನ ನಮ್ಮ ಗೇಟ್ ಒಳಗೆ ಬಿಡಲ್ಲ. ಈ ಲೀಡರ್ ಕಥೆ ಹುಟ್ಟಿದ್ದು 1947ರಲ್ಲಿ, ಒಂದಕ್ಕೊಂದು ಸಂಬಂಧ ಇಲ್ಲದ ತೋಳಗಳನ್ನ ಒಂದೇ ಆವರಣದಲ್ಲಿ ಕೂಡಿಹಾಕಿ ನೋಡಿ ಬರೆದಿದ್ದರಿಂದ. ಕಾಡಲ್ಲಿ ತೋಳದ ಗುಂಪು ಅಂದ್ರೆ ಅಪ್ಪ ಅಮ್ಮ ಮಕ್ಕಳು ಅಷ್ಟೇ ಅಂತ ಆಮೇಲೆ ಅಧ್ಯಯನ ಮಾಡಿದವರೇ ಹೇಳಿದ್ರು, ಆದ್ರೂ ಇವರು ಬಿಟ್ಟಿಲ್ಲ. ಚೋಕ್ ಚೈನ್ ಜಗ್ಗಿದ್ರೆ ಪೆಟ್ಟು ಬೀಳೋದು ಶ್ವಾಸನಾಳಕ್ಕೆ. ನಾಯಿ ಎಳೆಯೋದು ನಿಮ್ಮ ಮೇಲೆ ಅಧಿಕಾರ ಮಾಡೋಕಲ್ಲ, ರಾತ್ರಿಯಿಂದ ಉಚ್ಚೆ ಕಟ್ಕೊಂಡಿದೆ, ಹೊರಗೆ ನೂರು ವಾಸನೆ ಇದೆ, ಅದಕ್ಕೆ. ಎಳೆದ ತಕ್ಷಣ ನಿಂತ್ಕೊಳ್ಳಿ, ಹಗ್ಗ ಸಡಿಲ ಆದ್ಮೇಲೆ ನಡೀರಿ. ಒಂದೇ ಕಂಬ ಐದು ನಿಮಿಷ ಮೂಸ್ತಾ ನಿಂತ್ರೆ ನೀವೂ ಐದು ನಿಮಿಷ ನಿಂತ್ಕೊಳ್ಳಿ, ವಾಕಿಂಗ್ ಇರೋದು ಅದರ ಕಾಲಿಗಿಂತ ಮೂಗಿಗೆ.

"ಶೆಲ್ಟರ್ ನಾಯಿಗಳಿಗೆ ಇಂಜೆಕ್ಷನ್ ಆಗಿರುತ್ತಲ್ಲ, ಸ್ವಲ್ಪ ಹಲ್ಲು ತಾಗಿದ್ರೆ ಅರಿಶಿನ ಹಚ್ಚಿದ್ರೆ ಸಾಕಲ್ವಾ? ನಮ್ಮೂರಲ್ಲಿ ನಾಯಿ ಕಡಿತಕ್ಕೆ ನಾಟಿ ಔಷಧಿ ಕೊಡೋರೂ ಇದಾರೆ."

ಸಾಕಾಗಲ್ಲ. ನಿನ್ನೆ ರಾತ್ರಿ ಬಂದ ನಾಯಿಗೆ ಇಂಜೆಕ್ಷನ್ ಆಗಿರುತ್ತೆ ಅಂತ ನಿಮಗೆ ಯಾರು ಹೇಳಿದ್ದು? ಹಲ್ಲು ತಾಗಿ ಚರ್ಮ ತರಚಿದ್ರೂ ನಲ್ಲಿ ಕೆಳಗೆ ಸೋಪು ಹಾಕಿ ಹದಿನೈದು ನಿಮಿಷ ತೊಳೀರಿ, ಗಡಿಯಾರ ನೋಡ್ಕೊಂಡು ತೊಳೀರಿ. ಅರಿಶಿನ, ಸುಣ್ಣ, ಕಾಫಿ ಪುಡಿ, ಖಾರದ ಪುಡಿ ಯಾವುದೂ ಹಚ್ಚಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮಕ್ಕೆ ಕೊಡೋ ಲಸಿಕೆ ಆದ್ರೆ 0, 3, 7, 28ನೇ ದಿನ (0 ಅಂದ್ರೆ ಮೊದಲನೇದು ಹಾಕಿಸ್ಕೊಂಡ ದಿನ), ನಾಲ್ಕೂ ತಗೊಳ್ಳಿ. ರಕ್ತ ಬಂದಿದ್ರೆ ಗಾಯಕ್ಕೇ ಕೊಡೋ ಇಮ್ಯುನೋಗ್ಲೋಬ್ಯುಲಿನ್, ಅಂದ್ರೆ ವೈರಸ್‌ನ ತಕ್ಷಣ ತಡೆಯೋ ಸಿದ್ಧ ಪ್ರತಿಕಾಯ, ಕೂಡ ಬೇಕು, ಕೇಳಿ ಹಾಕಿಸ್ಕೊಳ್ಳಿ. ನಾಯಿಯನ್ನ ಹತ್ತು ದಿನ ನಾವು ನೋಡ್ತೀವಿ, ಆದ್ರೆ ಅಲ್ಲಿವರೆಗೆ ಕಾದು ಆಮೇಲೆ ಇಂಜೆಕ್ಷನ್ ಅನ್ನೋದು ಬೇಡ.

ನಾಟಿ ಔಷಧಿ ವಿಷಯಕ್ಕೆ ನಂಗೆ ಸಿಟ್ಟು ಬರುತ್ತೆ. ನೂರು ಜನಕ್ಕೆ ಕೊಟ್ಟೆ, ನೂರೂ ಜನ ಬದುಕಿದಾರೆ ಅಂತಾರೆ. ಆ ನೂರು ಜನಕ್ಕೆ ಕಚ್ಚಿದ ನಾಯಿಗೆ ರೇಬಿಸ್ ಇರ್ಲಿಲ್ಲ, ಅದಕ್ಕೆ ಬದುಕಿದ್ರು. ರೇಬಿಸ್ ಲಕ್ಷಣ ಶುರುವಾದ್ಮೇಲೆ ಯಾವ ಸೊಪ್ಪಿನ ರಸವೂ ಇಲ್ಲ, ಯಾವ ದೊಡ್ಡ ಆಸ್ಪತ್ರೆಯ ಔಷಧಿಯೂ ಇಲ್ಲ. ನಿಮ್ಮ ಅಜ್ಜ ಹೇಳೋ ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ ನಿಂತು ಎಷ್ಟೋ ವರ್ಷ ಆಯ್ತು, ಅದರ ಭಯಕ್ಕೆ ಮನೆಯಲ್ಲಿ ಕೂರಬೇಡಿ. ಪ್ರತಿ ವಾರ ಬರ್ತೀನಿ ಅನ್ನೋರು ಕಚ್ಚೋಕೆ ಮುಂಚೆನೇ ಮೂರು ಡೋಸ್ ಹಾಕಿಸ್ಕೊಳ್ಳಿ, 0, 7, ಆಮೇಲೆ 21 ಇಲ್ಲಾ 28ನೇ ದಿನ. ಆಮೇಲೆ ಕಚ್ಚಿದ್ರೂ ಎರಡೇ ಡೋಸ್, ಇಮ್ಯುನೋಗ್ಲೋಬ್ಯುಲಿನ್ ಬೇಡ. ನಾನು ಹಾಕಿಸ್ಕೊಂಡಿದೀನಿ, ನಮ್ಮ ಕೇಜ್ ತೊಳೆಯೋ ಅಕ್ಕನಿಗೂ ಹಾಕ್ಸಿದೀನಿ.

"ನಾಯಿ ಮೈಮೇಲಿನ ಉಣುಗು ಕಚ್ಚಿದ್ರೆ ಮಂಗನ ಕಾಯಿಲೆ ಬರುತ್ತಾ?"

ಮಂಗನ ಕಾಯಿಲೆ ಹರಡೋದು ಮುಖ್ಯವಾಗಿ ಕಾಡಿನ ಉಣುಗಿನಿಂದ, ಶೆಲ್ಟರ್ ನಾಯಿಯ ಕಿವಿಯಲ್ಲಿ ಸಾಮಾನ್ಯವಾಗಿ ಕಾಣೋ ಕಂದು ಉಣುಗು ಬೇರೆ ಜಾತಿ. ಆದ್ರೆ ಕೊಪ್ಪ, ಎನ್.ಆರ್.ಪುರ ಕಡೆಯವರು ಡಿಸೆಂಬರ್‌ನಿಂದ ಮೇವರೆಗೆ ನಾಯಿ ಕರ್ಕೊಂಡು ಕಾಡಿನ ಅಂಚಿಗೆ ಹೋಗಲೇಬೇಡಿ, ಅದು ಕಾಡಿನ ಉಣುಗನ್ನ ಮೈಮೇಲೆ ಹೊತ್ತು ತರುತ್ತೆ. ಉಣುಗು ಕಂಡ್ರೆ ಬರಿಗೈಯಲ್ಲಿ ಕಿತ್ತು ಉಗುರಲ್ಲಿ ಹಿಸುಕಬೇಡಿ, ನಮ್ಮ ಹುಡುಗರಿಗೆ ತೋರಿಸಿ.

"ಕಜ್ಜಿ ಆಗಿರೋ ನಾಯಿಗೆ ಸುಟ್ಟ ಇಂಜಿನ್ ಆಯಿಲ್ ಹಚ್ಚಿದ್ರೆ ಹೋಗುತ್ತಂತೆ, ತರ್ಲಾ?"

ತಂದ್ರೆ ಅವತ್ತೇ ನಿಮ್ಮನ್ನ ವಾಪಸ್ ಕಳಿಸ್ತೀನಿ. ನಾಯಿ ಅದನ್ನ ನೆಕ್ಕುತ್ತೆ, ಅದು ವಿಷ.

"ಮರಿಗಳನ್ನ ಮಾತ್ರ ವಾಕಿಂಗ್ ಕರ್ಕೊಂಡ್ ಹೋಗಬಹುದಾ? ಮಕ್ಕಳಿಗೆ ಇಷ್ಟ."

ಇಲ್ಲ. ಲಸಿಕೆ ಪೂರ್ತಿ ಆಗದ ಮರಿಯನ್ನ ನೆಲಕ್ಕೇ ಬಿಡಲ್ಲ, ಮರಿಗಳಿಗೆ ವಾಂತಿ, ರಕ್ತಭೇದಿ ತರೋ ಪಾರ್ವೋ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಇರುತ್ತೆ. ನಿಮ್ಮ ಮನೆಯಲ್ಲಿ ಮರಿ ಇದ್ರೆ ಇಲ್ಲಿ ಹಾಕಿದ ಶೂ ಮನೆಯೊಳಗೆ ತಗೊಂಡ್ ಹೋಗಬೇಡಿ.

"ವಾಕಿಂಗ್ ಮಾಡ್ತಾ ರೀಲ್ಸ್ ಮಾಡಬಹುದಾ?"

ಒಂದು ಕೈಯಲ್ಲಿ ಫೋನ್ ಇದ್ರೆ ಹಗ್ಗ ನಿಮ್ಮ ಕೈಗೆ ಕೊಡಲ್ಲ.

"ಯಾವ ಟೈಮಿಗೆ ಬರ್ಬೇಕು? ಕೆಂಚನ್ನ ನೋಡಬಹುದಾ?"

ಇದನ್ನ ಕೇಳಿದ್ದು ಹೋದ ತಿಂಗಳು ಬಂದಿದ್ದ ಪುಟ್ಟ ಹುಡುಗಿ. ಬೆಳಗ್ಗೆ ಏಳಕ್ಕೆ ಬಾ ಪುಟ್ಟಿ, ಅಮ್ಮನ ಜೊತೆ, ನಾಯಿಗಳ ಊಟಕ್ಕೆ ಮುಂಚೆ. ಕೆಂಚ ಎಡಗಡೆ ಕೊನೆ ಕೇಜಲ್ಲಿ ಇರ್ತಾನೆ. ಹಗ್ಗ ಕೈಯಲ್ಲಿ ಹಿಡ್ಕೊಂಡು ಹತ್ರ ಹೋಗ್ಬೇಡ, ಬೆನ್ನ ಹಿಂದೆನೂ ಇಟ್ಕೋಬೇಡ, ಬಾಗಿಲ ಹತ್ರನೇ ಮೊಳೆಗೆ ನೇತುಹಾಕಿ ಖಾಲಿ ಕೈಯಲ್ಲಿ ಪಕ್ಕದಲ್ಲಿ ಕೂತ್ಕೋ. ಬಂದ್ರೆ ಅವನೇ ಬರ್ತಾನೆ.